ಜನರ ಒತ್ತಾಯದ ಮೇರೆಗೆ

ಅಮಾಸಿ ದಿನ ಪ್ರೆಸ್ಸಿಗೆ ಸೂಟಿ.
ಶಟರು ಅರ್ಧ ಇಳಿಸಿ, ಮಷಿನ್ನಿಗೆ ಊದುಬತ್ತಿ ಹಚ್ಚಿ
ಕಾಗದದ ರಿಮ್ಮಿನ ಮ್ಯಾಲ ನಾಕು ಮಂದಿ ಕುಂದರತೇವಿ:
ನಾನು, ಬೆಟಗೇರಿ ಮಗ್ಗದ ದ್ಯಾಮಣ್ಣ,
ಬ್ಯಾಂಡ್ ಕಂಪನಿ ಬಿಟ್ಟ ದಾವಲಸಾಬ,
ಲೆಕ್ಕಾ ಬರಿಯೋ ಇಂದಿರಕ್ಕ.
ಕರಾರು ಒಂದ, ಒಬ್ಬೊಬ್ರು ಒಂದೊಂದು ಹಾಡು ತರಬೇಕು,
ಕೇಳೂಮುಂದ ಯಾರೂ ಬಾಯಿ ತಗೀಬಾರದು.
ಮುರಿಯಾಂವ ದರಾ ಸಲ ದ್ಯಾಮಣ್ಣನ.

ಈ ವರ್ಷ ಹಾಡಿಗಿಂತ ಮೊದಲ
ಸುದ್ದಿ ಬರಾಕ ಹತ್ಯಾವ.
ಉಗಾದಿ ಹಿಂದ ಸರಸಾಬಾಯಿ ಹೋದ್ಲು.
ಮೂವತ್ತು ವರ್ಷ ಸೊಸಿ ಪಾರ್ಟಿನಾಗ ಅತ್ತಾಕಿ
ನರಗುಂದದ ಬಾಡಿಗಿ ಖೋಲಿಯೊಳಗ
ಅತ್ತಿ ಪಾರ್ಟಿಗೆ ಯಾರರ ಕರದಾರಂತ ಕಾಯತಿದ್ಲಂತ.

ಕಾರಹುಣ್ಣಿವಿಗೆ ಆರ್ಕೆಸ್ಟ್ರಾದ ವಾಮನ,
ಒಂದ ಗಂಟಲಾಗ ಗಂಡು ಹೆಣ್ಣು ಎರಡೂ ಹಾಡಾಂವ.
ಯಾವ ದನಿ ಮೊದಲ ನಿಂತಿತೋ, ಅಂದ್ಲು ಇಂದಿರಕ್ಕ.
ಯಾರೂ ನಗಲಿಲ್ಲ.
ಆಕಿನೂ ನಗಸಾಕ ಅಂದಿರಲಿಲ್ಲ.

ಮೊನ್ನೆ, ಕೊಟ್ರಪ್ಪ ಸೂಡಿ.

ಆತನ ಮುಖದ ಬ್ಲಾಕು ನನ್ನ ಕಡೆ ಐತಿ,
ಸತುವಿನದು, ಬೆಂಕಿಪೆಟ್ಟಿಗಿಯಷ್ಟು.
ಬ್ಲಾಕಿನಾಗ ಎಲ್ಲಾ ಉಲ್ಟಾ:
ಎಡಗಲ್ಲದ ನರಹುಲಿ ಬಲಕ್ಕ,
ಓರೆ ಟೋಪಿ ಈ ಕಿವಿಯಿಂದ ಆ ಕಿವಿಗೆ.
ಎಷ್ಟ ಹ್ಯಾಂಡ್‌ಬಿಲ್ಲಿಗೆ ಒತ್ತೇನಿ ಆ ಮುಖಾನ!
ಗುಲಾಬಿ ಕಾಗದ, ಹಳದಿ ಕಾಗದ,
‘ನಿಮ್ಮ ಹೊಟ್ಟೆಗೆ ನೀವೇ ಜವಾಬ್ದಾರರು’ ಅಂತ ಕೆಳಗ,
ಅದರ ಕೆಳಗ ಕೆಂಪು ಮಸಿಯೊಳಗ
‘ಕೊನೆಯ ಮೂರು ದಿನ’.
ಮೂರು ದಿನ ಮುಗದ ಮ್ಯಾಲ ಮ್ಯಾನೇಜರ ಬರತಿದ್ದ,
ಬಾಯಿತುಂಬ ಎಲಿ, ಮೂರು ಬೆರಳು ಎತ್ತಿ ತೋರಿಸಿ.
‘ಜನರ ಒತ್ತಾಯದ ಮೇರೆಗೆ ಮತ್ತೆ’
ಅಷ್ಟು ಮೊಳಿ ನಾನು ಬಿಚ್ಚತನ ಇರಲಿಲ್ಲ,
ದಾರಾ ಕಟ್ಟಿ ಹಂಗ ಇಟ್ಟಿದ್ದೆ.
ಗದಗಿನ್ಯಾಗ ಒಮ್ಮೆ ಕೊನೆಯ ಮೂರು ದಿನ
ಎಪ್ಪತ್ತೊಂದು ದಿನ ನಡದಾವ.

ಅದ ಬ್ಲಾಕಿಗೆ ಮಗ ಬಂದಿದ್ದ.
ಶ್ರದ್ಧಾಂಜಲಿ ಕಾರ್ಡಿಗೆ ಬ್ಯಾರೆ ಫೋಟೋ ಇಲ್ರಿ,
ಇರೋ ಎಲ್ಲಾದ್ರಾಗೂ ಅಪ್ಪ ಮುಖಾ ಸೊಟ್ಟ ಮಾಡ್ಯಾನ.
ಇದರಾಗೂ ಮಾಡ್ಯಾನಪಾ, ಅಂದೆ.
ಕೈಯಾಗ ಹಿಡದು ಬೆಳಕಿಗೆ ಹೊಳ್ಳಿಸಿ ಹೊಳ್ಳಿಸಿ ನೋಡಿ,
ಇರಲಿ ಬಿಡ್ರಿ, ಹೊಡೀರಿ, ಅಂದ.

ಇವತ್ತು ದಾವಲಸಾಬ ತಂದದ್ದು ಸರಸಾಬಾಯಿ ಪದ,
ಮೊಮ್ಮಗ ಫೋನಿನಾಗ ಹುಡುಕಿ ಹಾಕಿಕೊಟ್ಟದ್ದು.
ಆಕಿ ದನಿ ಏರಿ, ಇನ್ನೇನು ಒಡೀಬೇಕು,
ಹಲ್ಲುಪುಡಿ ಜಾಹೀರಾತು ಬಂತು.
ಅದಕ್ಕೂ ಸುಮ್ಮನ ಕುಂತಿವಿ. ಕರಾರಂದ್ರ ಕರಾರು.

ನಾ ಹಾಕಿದ್ದು ಕ್ಯಾಸೆಟ್ಟು, ಹಾಡು ಅಲ್ಲ.
ಕೊಟ್ರಪ್ಪನ ನಾಟಕ, ನೆಲದ ಸಾಲಿನ್ಯಾಗ ಕುಂತು
ಕಂಬಳಿಯೊಳಗ ಟೇಪು ಮುಚ್ಚಿಟಗೊಂಡು ಹಿಡದದ್ದು.
ಆತ ಏನಂತಾನೋ ಒಂದೂ ತಿಳಿವಲ್ದು,
ಮಾತು ಬಾಯಿಂದ ಹೊರಬೀಳೂದ್ರಾಗ
ಮಂದಿ ನಗಿ ಅದನ್ನ ನುಂಗಿಬಿಡತೈತಿ.
ಎಲ್ಲಾರೂ ನಕ್ಕು ಮುಗಿಸಿದ ಮ್ಯಾಲ
ಎಲ್ಲೋ ಹಿಂದ ಒಬ್ಬಾಕಿ ತಡಾಗಿ ನಗತಾಳ,
ನಕ್ಕು, ಬಿಕ್ಕಳಿಕಿ ಬಂದು, ಮತ್ತ ನಗತಾಳ.

ದ್ಯಾಮಣ್ಣ ರಿಮ್ಮಿನ ಮ್ಯಾಲಿಂದ ಎದ್ದ.
‘ನಮ್ಮ ನೀಲಿ’ ಅಂದ.
ಆಕಿ ಹೋಗಿ ಒಂಬತ್ತು ವರ್ಷ.
ಫೋಟೋ ಅದಾವು ಮನಿಯಾಗ, ನಾಕೈದು.
ದನಿ ಇರಲಿಲ್ಲ.

ಮತ್ತೊಮ್ಮೆ ಹಾಕು ಅಂತ ಆತ ಅನಲಿಲ್ಲ,
ನಿಂತ ಜಾಗಾ ಬಿಟ್ಟು ಕದಲಲಿಲ್ಲ ಅಷ್ಟ.
ಗುಂಡಿ ಒತ್ತಿ ಹಿಂದಕ್ಕ ಒಯ್ದೆ.
ಕೊಟ್ರಪ್ಪ ಮತ್ತ ಅದನ್ನ ಅಂದ, ಏನೋ.
ಆಕಿ ಮತ್ತ ತಡಾ ಮಾಡಿದ್ಲು.
ಮತ್ತ ಒಯ್ದೆ.
ಟಾಂಗಾಕೂಟದ ಕಡೆ ಬಸ್ಸು ಹಾರ್ನ್ ಹೊಡಕೋತ ಹೋಗತಿದ್ದು,
ದಾವಲಸಾಬ ಎದ್ದು ಶಟರು ಪೂರಾ ಇಳಿಸಿದ.

ನಾಕನೇ ಸಲಕ್ಕ ಟೇಪು ಸಿಕ್ಕೊಂಡಿತು.
ಇಂದಿರಕ್ಕ ಪೆನ್ಸಿಲ್ ಹುಡಕಾಕ ಹೋದ್ಲು.