ಅಳತೆ ಡಬ್ಬಿ

ಹಂದಿಯ ಭುಜದ ಮಾಂಸ ಒಂದು ಕಿಲೋ,
ಕೊಬ್ಬು ತೆಗೆಯಬೇಡಿ, ಅಂದೆ.
ಹೆಸ್ಸಲ್ ರೋಡಿನ ಕಸಾಯಿಯವನು ಕತ್ತಿ ಎತ್ತಿ ಹಿಡಿದೇ ಕೇಳಿದ,
ಏನಕ್ಕೆ, ಸಾರಿಗಾ?
ಲಂಚನ್ ಮೀಟಿಗೆ.
ನಕ್ಕುಬಿಟ್ಟ. ಎದುರಿನ ಅಂಗಡಿಯಲ್ಲಿ
ಡಬ್ಬಿಯೇ ಸಿಗುತ್ತದಲ್ಲ?

ಡಬ್ಬಿ ನನ್ನ ಹತ್ತಿರ ಇದೆ.
ಒಳಗಿನದು ಇಲ್ಲ.

ಅಪ್ಪ ಲಾದ್ರು ಹಡಗಿನಲ್ಲಿ ಅಡುಗೆಯವ.
ಹತ್ತು ತಿಂಗಳು ನೀರು, ಎರಡು ತಿಂಗಳು ನಾವು.
ಆಫೀಸರರಿಗೆ ಕೀಲಿ ತಿರುವಿ, ಹೋಳು ಮಾಡಿ, ಹುರಿದುಕೊಟ್ಟು
ಖಾಲಿಯಾದುದನ್ನು ತೊಳೆದು
ಹರಿತ ಅಂಚನ್ನು ಚಮಚದ ಬೆನ್ನಿನಿಂದ ತಟ್ಟಿ ಮಡಿಸಿ
ಪೆಟ್ಟಿಗೆಯ ತಳದಲ್ಲಿ, ಸಾಬೂನಿನ ಪಕ್ಕ ಇಟ್ಟು ತಂದ.
ತುಂಬಿದ್ದು ತರ್ಲಿಕ್ಕೆ ಆಗ್ಲಿಲ್ವಾ, ಅಮ್ಮ ಕೇಳಿದಳು.
ತುಂಬಿದ್ದಕ್ಕೆ ಲೆಕ್ಕ ಉಂಟು ಸೆರಪಿನ್,
ಖಾಲಿಗೆ ಲೆಕ್ಕ ಇಲ್ಲ.

ಅಂದಿನಿಂದ ಅದೇ ನಮ್ಮ ಪಾವು, ಸೇರು, ನ್ಯಾಯಾಧೀಶ.
ಕುಚ್ಚಿಲಕ್ಕಿ ಹಗಲಿಗೆ ನಾಲ್ಕು ಡಬ್ಬಿ, ರಾತ್ರಿಗೆ ಮೂರು,
ನೆಂಟರು ಬಂದರೆ ಇನ್ನೊಂದು, ತಲೆ ಬೋಳಿಸಿ.
ತಮ್ಮ ಇಜಿದೊರ್ ಒಳಗೆ ಮೂಗು ತೂರಿಸಿ
ಇನ್ನೂ ವಾಸನೆ ಉಂಟು ಮಾರಾಯ್ತಿ, ಅನ್ನುತ್ತಿದ್ದ.
ಇರಲಿಲ್ಲ. ಅಕ್ಕಿಯ ಧೂಳಿತ್ತು.
ಆದರೂ ನಾನೂ ಮೂಸಿದೆ, ವರ್ಷಗಟ್ಟಲೆ.
ಅಮ್ಮ ಹೋದ ಮೇಲೆ ಅವನು ಬಳೆ ಇಟ್ಟುಕೊಂಡ,
ನಾನು ಡಬ್ಬಿ.

ಈ ಊರು ಹಲ್.
ಮೊದಲ ದಿನವೇ ನನ್ನ ಕಿವಿಗೆ
ಬಾಲ ಮುರಿದ ಹಲ್ಲಿನಂತೆ ಕೇಳಿಸಿತ್ತು.
ವೃದ್ಧಾಶ್ರಮದ ರಾತ್ರಿಪಾಳಿ ನನ್ನದು,
ಹಲ್ಲುಸೆಟ್ಟುಗಳನ್ನು ಲೋಟಗಳಲ್ಲಿ ನೆನೆಸಿಟ್ಟು
ಯಾವುದು ಯಾರದೆಂದು ಬರೆದಿಡುತ್ತೇನೆ.
ಏಳನೇ ಕೋಣೆಯ ಮೌರೀನ್ ಸ್ಟ್ಯಾಥರ್ಸ್
ನಿದ್ದೆ ಬಾರದ ಒಂದು ರಾತ್ರಿ ಹೇಳಿಕೊಟ್ಟಳು:
ಮಾಂಸ ತಣ್ಣಗಿರಬೇಕು ಹುಡುಗಿ,
ಬಿಸಿಯಾದರೆ ಕೊಬ್ಬು ತೌರಿಗೆ ಹೊರಟುಬಿಡುತ್ತೆ,
ಮತ್ತೆ ಎಷ್ಟು ಕರೆದರೂ ಬರಲ್ಲ.

ಅದಕ್ಕೇ ಕಿಟಕಿ ತೆರೆದಿಟ್ಟೆ.
ಫೆಬ್ರವರಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತಿತು.
ಅರೆಯುವ ಯಂತ್ರದ ಬಾಯಿಯನ್ನೂ ಫ್ರೀಜರಿನಲ್ಲಿಟ್ಟು ತೆಗೆದೆ.
ಎರಡು ಸಲ ಅರೆದು, ಉಪ್ಪು,
ಗುಲಾಬಿ ಬಣ್ಣದ ಆ ಇನ್ನೊಂದು ಉಪ್ಪು, ತೂಗಿ, ಮತ್ತೆ ತೂಗಿ,
ಬಿಳಿ ಮೆಣಸು, ಜಾಯಿಕಾಯಿ, ಆಲೂಗಡ್ಡೆ ಹಿಟ್ಟು,
ಮಂಜುಗಡ್ಡೆಯ ನೀರು.
ಬೆರಳು ನನ್ನದಲ್ಲ ಅನ್ನಿಸುವವರೆಗೆ ಕಲಸಿದೆ.
ಒಂದು ಮುದ್ದೆ ಅಂಗೈಗೆ ಮೆತ್ತಿ, ಕೈ ಬೋರಲು ಹಾಕಿದೆ.
ಬೀಳಲಿಲ್ಲ. ಸಾಕು.

ಗಾಳಿ ಉಳಿಯದಂತೆ ಡಬ್ಬಿಯನ್ನು ಕುಟ್ಟಿ ಕುಟ್ಟಿ ತುಂಬಿದೆ.
ಕೊನೆಗೆ ಕೈ ತಾನಾಗಿ ತಲೆ ಬೋಳಿಸಿತು, ಅಭ್ಯಾಸ.
ಕಾಗದ ಹಾಸಿದರೆ ಮೂಲೆಯ ಗುಂಡು ಕೆಡುತ್ತದೆಂದು ಹಾಸಲಿಲ್ಲ.
ಉಳಿದದ್ದು ಬ್ರೆಡ್ಡಿನ ಅಚ್ಚಿಗೆ.
ಬಿಸಿನೀರ ತಟ್ಟೆಯಲ್ಲಿ ಕೂರಿಸಿ ಓವನ್ನಿಗೆ,
ಬೆಂದು ಆರಿದ ಮೇಲೆ ಹಲಗೆ, ಅದರ ಮೇಲೆ ಇಸ್ತ್ರಿಪೆಟ್ಟಿಗೆ,
ರಾತ್ರಿಯೆಲ್ಲ ಫ್ರಿಜ್ಜು.

ಬೆಳಿಗ್ಗೆ ಬ್ರೆಡ್ಡಿನ ಅಚ್ಚಿನದು ಒಂದೇ ತಟ್ಟಿಗೆ ಹೊರಬಂತು.
ಡಬ್ಬಿಯದು ಬರಲಿಲ್ಲ.
ಬಿಸಿನೀರಿಗೆ ಬರಲಿಲ್ಲ, ಚಾಕುವಿಗೆ ಬರಲಿಲ್ಲ.
ತಳ ಕತ್ತರಿಸು ಮಾರಾಯ್ತಿ, ಇಜಿದೊರ್ ಫೋನಿನಲ್ಲಿ.
ಕತ್ತರಿಸಿದರೆ ಇಡಿಯಾಗಿ ಬರುತ್ತದೆ, ನಿಜ.
ಆಮೇಲೆ ಅದು ಅಳತೆಯಲ್ಲ,
ಬರೀ ತಗಡಿನ ಬಳೆ.

ಚಮಚದಲ್ಲಿ ಅಗೆದೆ.
ಚೂರುಚೂರು. ಬಾಣಲೆಯಲ್ಲಿ ಅಂಚು ಕೆಂಪಾಗುವವರೆಗೆ ಹುರಿದೆ.
ನಿಂತೇ ತಿಂದೆ.
ಇದೇನಾ ಆ ರುಚಿ ಎಂದು ಕೇಳಲು ಯಾರೂ ಇಲ್ಲ,
ಅಪ್ಪ ತಿಂದಿದ್ದನೋ ಇಲ್ಲವೋ, ಅದನ್ನೂ ಕೇಳಿರಲಿಲ್ಲ.
ಉಪ್ಪು ತುಸು ಮುಂದಾಗಿತ್ತು.

ಮೌರೀನಳಿಗೆ ಬ್ರೆಡ್ಡಿನ ಅಚ್ಚಿನದು ಎರಡು ಹೋಳು ಒಯ್ದೆ.
ನಿಧಾನ ಅಗಿದು, ಹಲ್ಲುಸೆಟ್ಟು ನಾಲಿಗೆಯಿಂದ ಸರಿಮಾಡಿಕೊಂಡು
ಡಬ್ಬಿಯದಕ್ಕಿಂತ ಚೆನ್ನಾಗಿದೆ, ಅಂದಳು,
ಅದೇ ತಪ್ಪು.

ಪಾಳಿ ಮುಗಿಸಿ ಬಂದು ಡಬ್ಬಿ ತೊಳೆದೆ.
ಒಬ್ಬಳಿಗೆ ಅರ್ಧ ಅಕ್ಕಿ.
ಮೂಲೆಯಲ್ಲಿ ಕೊಬ್ಬು ಉಳಿದಿತ್ತೇನೋ,
ನಾಲ್ಕು ಕಾಳು ಅಂಟಿಕೊಂಡವು.
ಬೋರಲು ಹಾಕಿದೆ.
ಬೀಳಲಿಲ್ಲ.