ಕಡಲಿದೆ, ಹಲ್ಲಿಲ್ಲ

ಹೆಂಟೀಸ್ ಬೇಯಲ್ಲಿ ಮಂಜು ಏಳುವುದು ಹನ್ನೊಂದಕ್ಕೆ,
ನಾನು ಆರಕ್ಕೆ.
ಅಂಗಡಿಯ ಕದ ತೆಗೆದರೆ ಮೊದಲು ಉಪ್ಪು ಒಳಗೆ ಬರುತ್ತದೆ,
ಗಿರಾಕಿ ಆಮೇಲೆ.

ಎಲ್ಲರದೂ ಒಂದೇ ಮಾತು:
'ಟಾನಿ ಸೆಲ್ಮೀನಾ, ಮರಳಿಗೆ ತಾಗಿಸಿದ್ದೇ ಇಲ್ಲ, ದೇವರಾಣೆ.'
ನಾಲ್ಕು ಸ್ಕ್ರೂ ಬಿಚ್ಚಿ ರೀಲನ್ನು ಬೋರಲು ಹಾಕುತ್ತೇನೆ.
ಹಳೇ ಪತ್ರಿಕೆಯ ಮೇಲೆ ನಮೀಬ್ ಮರುಭೂಮಿ,
ಒಂದು ಚಮಚದಷ್ಟು.
ಗಿರಾಕಿ ಕಿಟಕಿಯಾಚೆ ನೋಡುತ್ತಾನೆ.

ರೀಲಿಗೆ ಸುಳ್ಳು ಹೇಳಲು ಬರುವುದಿಲ್ಲ.
ಸ್ಪ್ರಿಂಗು ತುಂಡಾಗಿದ್ದರೆ ಅವಸರದವನು.
ಹಿಡಿಕೆ ಬಾಗಿದ್ದರೆ
ಮೀನೆಂದುಕೊಂಡು ಬಂಡೆಯ ಜೊತೆ ಕಾದಾಡಿದವನು.
ಬೇರಿಂಗಿನ ಗುಂಡುಗಳು ತುಕ್ಕು ಹಿಡಿದು
ಮೆಣಸಿನ ಕಾಳಾಗಿದ್ದರೆ
ಹೋದ ಡಿಸೆಂಬರಿನಲ್ಲಿ ಗ್ಯಾರೇಜಿಗೆ ಎಸೆದು
ಈ ಡಿಸೆಂಬರಿನಲ್ಲಿ ನೆನಪಾದವನು.

ವಿಂಡ್‌ಹುಕ್‌ನಿಂದ ಹಲ್ಲಿನ ಡಾಕ್ಟರು ಬರುತ್ತಾರೆ, ವರ್ಷಕ್ಕೆರಡು ಸಲ.
ಅವರ ಬ್ರೇಕಿನ ಬಿಲ್ಲೆಗಳು ಉಜ್ಜಿ ಉಜ್ಜಿ ಕನ್ನಡಿಯಾಗಿದ್ದವು.
'ನೋಡಿ ಟಾನಿ, ಜಗ್ಗಿದಾಗ ಬಿಟ್ಟುಕೊಡುತ್ತದಲ್ಲ,
ಅದಕ್ಕೇ ದಾರ ಹರಿಯುವುದಿಲ್ಲ. ಸಂಸಾರವೂ ಹಾಗೇ.'
'ನೂರೆಂಬತ್ತು ಡಾಲರು,' ಅಂದೆ.
'ಬಿಲ್ಲೆಯ ದುಡ್ಡು ಬೇರೆ.'

ಮಂಗಳವಾರ ಎರಾಸ್ಟಸ್ ಬಂದ.
ಹನ್ನೆರಡು ವರ್ಷ, ಅಣ್ಣನ ಜಾಕೆಟ್ಟು,
ಚೀನಾ ಅಂಗಡಿಯ ರೀಲು.
ತಿರುಗಿಸಿದರೆ ಗರಗರ, ಗರ,
ಆಮೇಲೆ ಏನೂ ಇಲ್ಲ.
ಬಿಚ್ಚಿದೆ. ಒಳಗಿನ ಗಾಲಿ ಬೋಳು,
ಹಸುಗೂಸಿನ ವಸಡು.
ಎದುರಿಗೆ ಅಷ್ಟು ದೊಡ್ಡ ಕಡಲಿದೆ, ಹಲ್ಲಿಲ್ಲ.
'ಎಷ್ಟಾಗುತ್ತೆ?'
ಕೊಂಡದ್ದಕ್ಕಿಂತ ಹೆಚ್ಚು ಅನ್ನಲಿಲ್ಲ.
'ನಾಳೆ ಬಾ,' ಅಂದೆ.

ರಾತ್ರಿ, ಸತ್ತ ರೀಲುಗಳ ಪೆಟ್ಟಿಗೆಯನ್ನು ಅಡುಗೆಮೇಜಿನ ಮೇಲೆ ಸುರಿದೆ.
ಒಂದು ಹಿತ್ತಾಳೆ ಗಾಲಿ
ಕೂದಲೆಳೆಯಷ್ಟು ದೊಡ್ಡದು.
ಅರ ಹಾಕಿ ಉಜ್ಜಿದೆ, ಉಗುರು ಬೆಚ್ಚಗಾಗುವ ತನಕ.
ಕೂತಿತು.
ಕೂತಿತೇ ಹೊರತು ಹಲ್ಲಿಗೆ ಹಲ್ಲು ಸೇರಲಿಲ್ಲ,
ಮಾತುಬಿಟ್ಟ ಅಕ್ಕತಂಗಿಯರು ಒಂದೇ ಬೆಂಚಿನಲ್ಲಿ ಕೂತ ಹಾಗೆ.
ಎರಡು ಗಂಟೆಗೆ, ಜೋರು ಮಾಡಿದ್ದಕ್ಕೆ,
ಹಲ್ಲೊಂದು ಟಿಣ್ ಎಂದು ಒಲೆಯಡಿಗೆ ಹಾರಿತು.
ಇನ್ನೂ ಸಿಕ್ಕಿಲ್ಲ.

ಮೂವತ್ತೊಂದು ವರ್ಷದಿಂದ ಇದೇ ಕೆಲಸ.
ಆಗುವುದಿಲ್ಲ ಅನ್ನುವುದನ್ನು
ಬೆಳಿಗ್ಗೆ ಹಲ್ಲುಜ್ಜುವಾಗ
ಕನ್ನಡಿಗೆ ಎರಡು ಸಲ ಹೇಳಿ ನೋಡಿದೆ.

ಅವನು ಸಂಜೆ ಬಂದ. ಕೇಳಲೇ ಇಲ್ಲ.
'ಇರಲಿ ಬಿಡಿ ಟಾನಿ,' ಅಂದು
ಪೀಚ್ ಹಣ್ಣಿನ ಖಾಲಿ ಡಬ್ಬಿ ತೋರಿಸಿದ,
ಸೊಂಟಕ್ಕೆ ದಾರ ಸುತ್ತಿಕೊಂಡಿತ್ತು ಡಬ್ಬಿ.
'ಇದಕ್ಕೆ ಹಲ್ಲೇ ಇಲ್ಲ. ಮುರಿಯೋದೇನು?'
ಇನ್ನೊಂದು ಕೈಯ ಚೀಲದಿಂದ
ಸ್ಟೀನ್‌ಬ್ರಾಸ್ ಒಂದರ ಬಾಲ ಹೊರಗಿಣುಕಿತ್ತು, ಮೊಳದ ಮೇಲೆ ಗೇಣು.

ಹೇಗೆ ಎಳೆದ, ಎಲ್ಲಿ ನಿಂತಿದ್ದ, ಎಷ್ಟು ಹೊತ್ತು,
ಅಂಗಡಿ ತುಂಬ ಓಡಾಡಿ ತೋರಿಸಿದ.
ನಾನು ಬೆರಳು ನೋಡುತ್ತಿದ್ದೆ.
ತೋರುಬೆರಳಿನ ಮಡಿಕೆಯಲ್ಲಿ ಎರಡು ಗೀರು,
ಉಪ್ಪು ಕೂತು ಅಂಚು ಬಿಳಿಚಿತ್ತು.
ಸವೆಯುವ ಕೆಲಸ ಈಗ ಅದರದು.

ಚಕ್ರದ ಮುಂದೆ ತೊಡುವ ಚರ್ಮದ ಕೈಗವಸು
ಮೊಳೆಗೆ ತೂಗುತ್ತಿತ್ತು.
ಅದರ ತೋರುಬೆರಳು ಕತ್ತರಿಸಿ ಕೊಟ್ಟೆ.
ಸಡಿಲವಾಯಿತು. ಬುಡಕ್ಕೆ ನೈಲಾನ್ ದಾರ ಬಿಗಿದು
ಬೆರಳನ್ನು ಮಡಿಸಿದ, ಬಿಡಿಸಿದ, ಮಡಿಸಿದ.
'ಎಷ್ಟು?' ಅಂದ, ದೊಡ್ಡವರ ಹಾಗೆ.
ನಾನು ಸುಮ್ಮನಿದ್ದದ್ದಕ್ಕೆ
ಮೀನಿನ ತಲೆ ನನಗೆ ಬಂತು.
ಸಾರು ಚೆನ್ನಾಗಿತ್ತು.

ಇವತ್ತು ಡಾಕ್ಟರರ ರೀಲಿನ ಅಚ್ಚು ಉಜ್ಜುವಾಗ
ಕಿಡಿಯೊಂದು ಬಂದು
ಸರಿಯಾಗಿ ಆ ಬೆರಳಿನ ಮೇಲೇ ಕೂತಿತು.
ಗ್ರೀಸು ಹಚ್ಚಿಕೊಂಡೆ.
ಹೊರಗೆ ಮಂಜು ಇನ್ನೂ ಎದ್ದಿರಲಿಲ್ಲ,
ಡಬ್ಬಿ ಮರಳಿನ ಮೇಲೆ ಉರುಳುವ ಸದ್ದು ಮಾತ್ರ.