ಕಾಲಮ್ಮು ಇಲ್ಲದ್ದು

ವಿಚಾರಣೆ ಹನ್ನೊಂದಕ್ಕೆ ಅಂತ ಇತ್ತು, ಶುರುವಾದ್ದು ಹನ್ನೆರಡಕ್ಕೆ.
ಮಂಗಳೂರಿನ ಸೆಕೆ. ಫ್ಯಾನು ತಿರುಗಿದ ಹಾಗೆ
ಮೇಜಿನ ಮೇಲಿನ ದರಪಟ್ಟಿಗಳು ಎದ್ದು ಎದ್ದು ಕೂರುತ್ತಿದ್ದವು.
ನಾನು ನಡಾವಳಿ ಬರೆಯುವವ. ಮೂಲೆಯ ಕುರ್ಚಿ.

ಅಕ್ಕಿ ಗಿರಣಿಯವರು ಮಾತಾಡಿದರು, ಐಸ್ ಪ್ಲಾಂಟಿನವರು ಮಾತಾಡಿದರು,
ಇಪ್ಪತ್ತು ಪೈಸೆ ಏರಿದರೆ ಮೀನೂ ಕೊಳೆಯುತ್ತದೆ, ನಾವೂ, ಎಂದರು.
ಏಳನೆಯವರು ಸೆವ್ರಿನಾ ಬಾಯಮ್ಮ,
ಚಿಮಣಿಯಿಂದ ಮೂಡು ದಿಕ್ಕಿಗೆ ಎರಡು ಮೈಲಿ, ನಲವತ್ತು ಮಲ್ಲಿಗೆ ಗಿಡ.
ತೊಟ್ಟೆಯೊಳಗಿಂದ ತಲೆದಿಂಬಿನ ಕವರೊಂದನ್ನು ತೆಗೆದು ಹರವಿದರು.
"ಮೊನ್ನೆ ಒಗೆದು ಅಂಗಳದಲ್ಲಿ ಹಾಕಿದ್ದು ಮಾರಾಯ್ರೆ.
ಪಡುಗಾಳಿ ಎದ್ದದ್ದು ಮೂರು ಗಂಟೆಗೆ. ನೀವೇ ನೋಡಿ."
ಬೂದಿ ಎನ್ನಲಾರದಷ್ಟು ತೆಳು;
ಬಿಳಿ ಎಂದೂ ಹೇಳುವಂತಿಲ್ಲ.

ಲೆಕ್ಕ ಅವರಿಗೆ ಬಾರದ್ದಲ್ಲ.
ಎಂಟುನೂರು ಮೊಗ್ಗು ಒಂದು ಚೆಂಡು, ನಾಲ್ಕು ಚೆಂಡು ಒಂದು ಅಟ್ಟೆ,
ಬಾಳೆನಾರು ಸುತ್ತುತ್ತ ಬೆರಳೇ ಎಣಿಸಿಕೊಳ್ಳುತ್ತದೆ.
"ಮೊದಲು ದಿನಕ್ಕೆ ಆರು ಚೆಂಡು. ಈಗ ನಾಲ್ಕು.
ಚುಕ್ಕೆ ಬಿದ್ದದ್ದನ್ನು ಕಟ್ಟೆಯವರು ಮುಟ್ಟುವುದಿಲ್ಲ.
ನನಗೂ ಕರೆಂಟು ಬೇಕು, ಪಂಪು ತಿರುಗದಿದ್ದರೆ ಗಿಡಕ್ಕೆ ನೀರೆಲ್ಲಿ?
ಮುಚ್ಚಿ ಅಂತ ನಾನು ಹೇಳಲಿಲ್ಲ.
ಎಲ್ಲಕ್ಕಿಂತ ಅಗ್ಗ ಅಂತ ಬರೆದಿದ್ದೀರಲ್ಲ,
ಆ ಅಗ್ಗದೊಳಗೆ ನನ್ನ ಎರಡು ಚೆಂಡು ಉಂಟಾ, ಇಲ್ಲವಾ,
ಅಷ್ಟು ಹೇಳಿ."

ಅಷ್ಟರಲ್ಲಿ ಕರೆಂಟು ಹೋಯಿತು. ಎಲ್ಲರೂ ನಕ್ಕರು.
ಬಾಯಮ್ಮನೂ ನಕ್ಕು, ಅದೇ ಕವರಿನಿಂದ ಗಾಳಿ ಹಾಕಿಕೊಂಡರು.

ಅಧ್ಯಕ್ಷರು ಕೆಟ್ಟವರಲ್ಲ. ಪುಟ ತಿರುವಿದರು, ಮತ್ತೆ ತಿರುವಿದರು:
ಕಲ್ಲಿದ್ದಲು, ಸಾಗಣೆ, ಸವಕಳಿ, ಸಾಲದ ಬಡ್ಡಿ.
"ಇದಕ್ಕೆ ಕಾಲಮ್ಮು ಇಲ್ಲವಲ್ಲಮ್ಮ.
ಬರವಣಿಗೆಯಲ್ಲಿ ಕೊಡಿ. ಆರು ಪ್ರತಿ."
ದಿಂಬಿನ ಕವರಿನ ಆರು ಪ್ರತಿ ಹೇಗೆ ಎಂದು
ಅವರು ನನ್ನ ಕಡೆ ನೋಡಿದರು.
ನಾನು ಬರೆದೆ: ಆಕ್ಷೇಪಣೆ ಗಮನಿಸಲಾಗಿದೆ.

ಆ ರಾತ್ರಿ ಕಾವೂರಿನ ರೂಮಿನಲ್ಲಿ, ಪೆನ್ಸಿಲಿನಲ್ಲಿ,
ಪಟ್ಟಿಯ ಅಂಚಿಗೆ ನಾನೇ ಒಂದು ಗೆರೆ ಎಳೆದೆ.
ಎರಡು ಚೆಂಡು, ಗುಣಿಸು ಗಿಡವಿರುವ ಮನೆಗಳು.
ಉಪ್ಪಾದ ಬಾವಿಗೆ ಟ್ಯಾಂಕರಿನ ರೇಟು.
ಕೆಮ್ಮುವ ಮಗುವಿಗೆ ಏನು ಹಾಕುವುದು?
ಔಷಧಿಯ ಬಿಲ್ಲು ಹಾಕಿದೆ.
ಅದರ ತಾಯಿಯ ನಿದ್ದೆಗೆ ರೇಟು ಗೊತ್ತಾಗದೆ
ಸೊನ್ನೆ ಬರೆದು ಮುಂದೆ ಹೋದೆ.
ಭಾಗಿಸಿದರೆ ಯೂನಿಟ್ಟಿಗೆ ಬಂದದ್ದು ಬರೇ ಪೈಸೆ.
ಆದರೂ ಪಟ್ಟಿ ಅಲುಗಿತು:
ಮೊದಲನೆಯದು ಕೆಳಗಿಳಿದು,
ಮೂರನೆಯ ಸಾಲಲ್ಲಿ ಸುಮ್ಮನೆ ಕೂತಿದ್ದ ಗಾಳಿ
ಎದ್ದು ಮೇಲೆ ಬಂತು.

ಬೆಳಿಗ್ಗೆ ಪಟ್ಟಿಯನ್ನು ಚೊಕ್ಕವಾಗಿ ಒಪ್ಪಿಸಬೇಕು.
ರಬ್ಬರಿನಿಂದ ಉಜ್ಜಿದೆ. ಕಾಗದದ ಮೇಲೆಲ್ಲ ಕಪ್ಪು ಹುಡಿ.
ಫೂ ಎಂದು ಊದಿದೆ.
ಕಿಟಕಿ ತೆರೆದೇ ಇತ್ತು.
ಕೆಳಗೆ ಯಾರದೋ ಬಟ್ಟೆ ಒಣಗುತ್ತಿತ್ತು.